ಬೋಟ್ಸ್ವಾನಾ: ಬರೀ ವಜ್ರದ ಅದೃಷ್ಟವೇ?

ನಮಸ್ಕಾರ. ಆಫ್ರಿಕಾ ಖಂಡದ ಬೋಟ್ಸ್ವಾನಾ ದೇಶ ಮುಂದೆ ಬಂದಿದ್ದು ವಜ್ರ ಸಿಕ್ಕ ಅದೃಷ್ಟದಿಂದ ಮಾತ್ರವೇ ಅಂತ ಕೇಳಿದ್ದೀರಿ. ಅದೃಷ್ಟ ಖಂಡಿತ ಇತ್ತು. ಆದರೆ ವಜ್ರ ಆಫ್ರಿಕಾದ್ದೇ ಇನ್ನೊಂದು ದೇಶವಾದ ಸಿಯೆರಾ ಲಿಯೋನ್‌ನಲ್ಲೂ ಇತ್ತು ಅಲ್ವಾ? ಅಲ್ಲಿ ಅದೇ ವಜ್ರ ಯುದ್ಧಕ್ಕೆ ದುಡ್ಡಾಯಿತು.

1966ರ ಸೆಪ್ಟೆಂಬರ್ 30ರಂದು ಸ್ವಾತಂತ್ರ್ಯ ಬಂದಾಗ ಬೋಟ್ಸ್ವಾನಾ ಕಡುಬಡ ದೇಶ. ಡಾಂಬರು ರಸ್ತೆ ಕೆಲವೇ ಕಿಲೋಮೀಟರ್. ಬ್ರಿಟಿಷರು ಎಷ್ಟು ಕಡೆಗಣಿಸಿದ್ದರು ಅಂದರೆ, ಆಡಳಿತ ಕಚೇರಿಯೇ ದೇಶದ ಹೊರಗೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿತ್ತು! ಹಾಗಾಗಿ ಗ್ಯಾಬರೋನ್ ರಾಜಧಾನಿಯನ್ನು ಹೊಸದಾಗಿ ಕಟ್ಟಬೇಕಾಯಿತು.

ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ನನ್ನ ಮನಸ್ಸಿಗೆ ತುಂಬಾ ತಟ್ಟಿದ್ದು ಆಮೇಲಿನ ವಿಷಯ. ಆ ನೆಲ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನದು. ಆದರೂ ಅವರ ಸರ್ಕಾರ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಇಡೀ ದೇಶದ ಹೆಸರಿಗೆ ತಂದಿತು. ತಮ್ಮವರಿಗೇ ಇರಲಿ ಅಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಅಂತ ನನಗನ್ನಿಸುತ್ತದೆ. ಡಿ ಬೀರ್ಸ್ ಎಂಬ ದೊಡ್ಡ ವಜ್ರದ ಕಂಪನಿ ಜೊತೆಗಿನ ಗಣಿ ವ್ಯವಹಾರದಲ್ಲೂ ಸುಮ್ನೆ ಕೂರಲಿಲ್ಲ. ಸಣ್ಣ ಪಾಲಿನಿಂದ ಶುರುಮಾಡಿ, 1975ರಲ್ಲಿ ಅರ್ಧ ಪಾಲು ಪಡೆದರು. ಆ ದುಡ್ಡು ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹೋಯಿತು. 1976ರಲ್ಲಿ ಸ್ವಂತ ಕರೆನ್ಸಿಯೂ ಬಂತು. ಹೆಸರು ಪುಲಾ, ಅಂದರೆ ಮಳೆ. ಕಲಹರಿ ಮರುಭೂಮಿಯ ಜನಕ್ಕೆ ಅದಕ್ಕಿಂತ ಅಮೂಲ್ಯವಾದದ್ದು ಯಾವುದಿದೆ!

ಹಾಗಂತ ಎಲ್ಲವೂ ಸರಿಯಾಗಿಲ್ಲ. ಎಚ್‌ಐವಿ ಆ ದೇಶವನ್ನು ತುಂಬಾ ಕಾಡಿತು. ಬಡವ ಬಲ್ಲಿದರ ಅಂತರ ಇನ್ನೂ ಜಾಸ್ತಿಯೇ ಇದೆ. ವಜ್ರದ ಬೆಲೆ ಬಿದ್ದರೆ ಇವತ್ತಿಗೂ ಸರ್ಕಾರದ ಬಜೆಟ್ ಅಲ್ಲಾಡುತ್ತದೆ.