ಮನೆ ಮಾರಿದ್ರೆ ಕೊನೆಗೆ ಕೈಗೆಷ್ಟು ಸಿಗುತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಾರ್, ನಾನು ರಿಟೈರ್ಡ್ ಮೇಷ್ಟ್ರು, ಈಗ ಮೈಸೂರಲ್ಲಿದೀನಿ. ಬೆಂಗ್ಳೂರಲ್ಲಿ ಉತ್ತರಹಳ್ಳಿ ಕಡೆ ಒಂದು ಟೂ ಬಿಎಚ್‌ಕೆ ಫ್ಲ್ಯಾಟ್ ಇದೆ, 2012ರ ಕೊನೇಲಿ ರಿಜಿಸ್ಟ್ರೇಷನ್ ಖರ್ಚೆಲ್ಲಾ ಸೇರಿ 40 ಲಕ್ಷಕ್ಕೆ ತಗೊಂಡಿದ್ದು. ಈಗ ಪಾರ್ಟಿ 78 ಲಕ್ಷಕ್ಕೆ ಒಪ್ಪಿದಾರೆ. ಲೋನ್ ಇನ್ನೂ 6 ಲಕ್ಷ ಇದೆ, ಬ್ರೋಕರ್ 2 ಪರ್ಸೆಂಟ್ ಕೇಳ್ತಿದಾರೆ. ಅವರೇ ಲೆಕ್ಕ ಹಾಕಿ ‘ಟ್ಯಾಕ್ಸೇ ನಾಲ್ಕೂಮುಕ್ಕಾಲು ಲಕ್ಷ ಬೀಳುತ್ತೆ, ಸುಮ್ನೆ 60ಕ್ಕೆ ರಿಜಿಸ್ಟರ್ ಮಾಡ್ಸಿ, ಬಾಕಿ 18 ಕ್ಯಾಶ್ ಕೊಡ್ತಾರೆ’ ಅಂತಿದಾರೆ. ಏನ್ ಮಾಡ್ಲಿ? ಎಲ್ಲಾ ಕಳೆದು ಕೈಗೆ ಎಷ್ಟು ಬರುತ್ತೆ?

ಉತ್ತರ: ಮೇಷ್ಟ್ರೇ, ಬ್ರೋಕರ್ ಹಾಕಿರೋ ಲೆಕ್ಕ ತಪ್ಪಲ್ಲ, ಆದ್ರೆ ಅರ್ಧ ಲೆಕ್ಕ. 2024ರ ಜುಲೈ 23ರಿಂದ ರೂಲ್ಸ್ ಬದಲಾಗಿ ಲಾಭದ ಮೇಲೆ ಹನ್ನೆರಡೂವರೆ ಪರ್ಸೆಂಟ್ ಟ್ಯಾಕ್ಸ್, ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕ ಹಾಗೆ ಕೊಂಡ ಬೆಲೆನ ಲೆಕ್ಕದಲ್ಲಿ ಏರಿಸೋದು) ಇಲ್ಲ ಅಂತಾಯ್ತು, ಅವರು ಅಲ್ಲಿಗೇ ನಿಲ್ಲಿಸಿದಾರೆ. ಆ ತಾರೀಖಿಗಿಂತ ಮುಂಚೆ ಕೊಂಡ ಮನೆ ಆಗಿದ್ದು, ಮಾರೋರು ಇಂಡಿಯಾದಲ್ಲೇ ಇರೋರಾದ್ರೆ, ಹಳೇ ಥರ 20 ಪರ್ಸೆಂಟ್ ವಿತ್ ಇಂಡೆಕ್ಸೇಷನ್ ಲೆಕ್ಕಾನೂ ಹಾಕಿ ಯಾವುದು ಕಮ್ಮಿ ಬರುತ್ತೋ ಅಷ್ಟೇ ಕಟ್ಬಹುದು. ಇದನ್ನ ತುಂಬಾ ಜನ ಹೇಳೋದೇ ಇಲ್ಲ.

ನಿಮ್ಮದನ್ನೇ ಹಾಕಿ ನೋಡೋಣ. 78ರಲ್ಲಿ ಬ್ರೋಕರೇಜ್ 1 ಲಕ್ಷ 56 ಸಾವಿರ ಕಳೀರಿ, ಅದು ಮಾರಾಟದ ಖರ್ಚು ಅಂತ ಟ್ಯಾಕ್ಸ್ ಲೆಕ್ಕದಲ್ಲೂ ಕಳೆಯೋಕೆ ಬರುತ್ತೆ (ಅದಕ್ಕೇ ಅವರಿಗೆ ಬ್ಯಾಂಕ್ ಮೂಲಕಾನೇ ಕೊಟ್ಟು ರಸೀದಿ ಇಸ್ಕೊಳ್ಳಿ). ಉಳೀತು 76.44 ಲಕ್ಷ. ಇಂಡೆಕ್ಸೇಷನ್ ಇಲ್ದೇ ಆದ್ರೆ ಲಾಭ 36.44 ಲಕ್ಷ, ಅದರ ಮೇಲೆ ಹನ್ನೆರಡೂವರೆ ಪರ್ಸೆಂಟು, ಟ್ಯಾಕ್ಸ್ ಮೇಲೆ ಬೀಳೋ ಸೆಸ್ಸು ಎಲ್ಲಾ ಸೇರಿ 4 ಲಕ್ಷ 74 ಸಾವಿರ. ಈಗ ಇನ್ನೊಂದು ದಾರಿ: ನೀವು ಕೊಂಡ 2012-13ಕ್ಕೆ ಸರ್ಕಾರ ಕೊಟ್ಟಿರೋ ಇಂಡೆಕ್ಸ್ 200, ಮಾರೋ 2025-26ರದ್ದು 376. ಅಂದ್ರೆ ನಿಮ್ಮ 40 ಲಕ್ಷ ಲೆಕ್ಕದಲ್ಲಿ 75.20 ಲಕ್ಷ ಆಗುತ್ತೆ, ಲಾಭ ಅಂತ ಉಳಿಯೋದು ಬರೀ 1 ಲಕ್ಷ 24 ಸಾವಿರ, ಅದಕ್ಕೆ 20 ಪರ್ಸೆಂಟ್ ಪ್ಲಸ್ ಸೆಸ್ ಅಂದ್ರೆ ಹತ್ತಿರ ಹತ್ತಿರ 26 ಸಾವಿರ. ನಾಲ್ಕೂಮುಕ್ಕಾಲು ಲಕ್ಷ ಎಲ್ಲಿ, 26 ಸಾವಿರ ಎಲ್ಲಿ! ಇದು 2026ರ ಮಾರ್ಚ್ ಒಳಗೆ ರಿಜಿಸ್ಟ್ರೇಷನ್ ಆದ್ರೆ ಬರೋ ಲೆಕ್ಕ, ಆಮೇಲೆ ಆದ್ರೆ ಆ ವರ್ಷದ ಇಂಡೆಕ್ಸ್ ಹಾಕ್ಬೇಕು.

ಇನ್ನು ಆ 18 ಲಕ್ಷ ಕ್ಯಾಶ್ ವಿಷಯ. ಇದರಿಂದ ಯಾರಿಗೆ ಲಾಭ ಅಂತ ಒಂದ್ಸಲ ಯೋಚ್ನೆ ಮಾಡಿ. 60ಕ್ಕೆ ತೋರಿಸಿದ್ರೆ ನಿಮಗೆ ಉಳಿಯೋದು ಆ 26 ಸಾವಿರ, ಅಷ್ಟೇ. ತಗೊಳ್ಳೋ ಪಾರ್ಟಿಗೆ ಸ್ಟ್ಯಾಂಪ್ ಡ್ಯೂಟಿ ಸೆಸ್ ಸರ್‌ಚಾರ್ಜ್ ಸೇರಿ 5.6 ಪರ್ಸೆಂಟ್, ರಿಜಿಸ್ಟ್ರೇಷನ್ ಫೀ 2 ಪರ್ಸೆಂಟ್ (2025ರ ಆಗಸ್ಟ್ 31ರಿಂದ ಒಂದಿದ್ದಿದ್ದು ಎರಡಾಗಿದೆ), ಒಟ್ಟು 7.6, ಅಂದ್ರೆ 18 ಲಕ್ಷಕ್ಕೆ 1 ಲಕ್ಷ 37 ಸಾವಿರ ಉಳೀತು. ರಿಸ್ಕ್ ಮಾತ್ರ ಪೂರ್ತಿ ನಿಮ್ಮದು, ಯಾಕಂದ್ರೆ ಮನೆ ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋ ಹಾಗಿಲ್ಲ, ತಗೊಂಡು ಸಿಕ್ಕಾಕ್ಕೊಂಡ್ರೆ ಎಷ್ಟು ತಗೊಂಡಿದೀರೋ ಅಷ್ಟೇ ಪೆನಾಲ್ಟಿ, ಅದೂ ತಗೊಂಡೋರಿಗೆ. ಅವರ ಸ್ಟ್ಯಾಂಪ್ ಡ್ಯೂಟಿ ಉಳಿಸೋಕೆ ನೀವ್ಯಾಕೆ ಸಾರ್ ಈ ವಯಸ್ಸಲ್ಲಿ ಕುತ್ತಿಗೆ ಕೊಡ್ತೀರಿ? ಪೂರ್ತಿ 78ಕ್ಕೆ ಮಾಡ್ಸಿ ಅಂತ ನೇರವಾಗಿ ಹೇಳ್ಬಿಡಿ, ಒಪ್ಪದಿದ್ರೆ ಬೇರೆ ಪಾರ್ಟಿ ನೋಡಿ.

ಸರಿ, ಕೈಗೆಷ್ಟು? 78 ಲಕ್ಷದಲ್ಲಿ ಪಾರ್ಟಿ 1 ಪರ್ಸೆಂಟ್ ಟಿಡಿಎಸ್ (ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಮುಂಚೇನೇ ಕಟ್ಟೋ ಟ್ಯಾಕ್ಸ್) ಅಂತ 78 ಸಾವಿರ ಹಿಡ್ಕೊಂಡೇ ಕೊಡ್ತಾರೆ, 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಅದು ಕಡ್ಡಾಯ, ಜಗಳ ಆಡ್ಬೇಡಿ. ಅದು ನಿಮ್ಮ ಹೆಸರಲ್ಲಿ ಕಟ್ಟಿದ ಟ್ಯಾಕ್ಸ್ ತೋರಿಸೋ ಫಾರಂ 26ಎಎಸ್‌ನಲ್ಲಿ ಕಾಣಿಸ್ತಿದ್ಯಾ ಅಂತ ಆಮೇಲೆ ನೋಡ್ಕೊಂಡ್ರೆ ಸಾಕು. ಲೋನ್ 6 ಲಕ್ಷ, ಬ್ರೋಕರೇಜ್ 1.56, ಮತ್ತೆ ಲಾಯರ್ ಫೀ, ಇಸಿ (ಋಣಭಾರ ಪತ್ರ), ಇ-ಖಾತಾ, ಬ್ಯಾಂಕಿನ ಅಡಮಾನ ಬಿಡಿಸೋ ಪತ್ರ, ಪ್ರಾಪರ್ಟಿ ಟ್ಯಾಕ್ಸ್ ಬಾಕಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಎನ್‌ಒಸಿ ಇದಕ್ಕೆಲ್ಲಾ ಒಂದು 50 ಸಾವಿರ ತೆಗೆದಿಡಿ. ಬ್ರೋಕರ್ ಜಿಎಸ್‌ಟಿ ಬಿಲ್ ಕೊಟ್ರೆ ಇದರಲ್ಲೇ 28 ಸಾವಿರ ಹೋಗುತ್ತೆ, ಹಾಗಾಗಿ 2 ಪರ್ಸೆಂಟ್‌ನಲ್ಲಿ ಜಿಎಸ್‌ಟಿ ಸೇರಿದ್ಯಾ ಅಂತ ಮೊದಲೇ ಕೇಳಿ, ಆಗುತ್ತಾ ನೋಡಿ ಕಮಿಷನ್ನನ್ನೇ 1 ಪರ್ಸೆಂಟಿಗೆ ಇಳಿಸಿ. ಇದೆಲ್ಲಾ ಹೋಗಿ ಆವಾಗ ಉಳಿಯೋದು 69 ಲಕ್ಷ 16 ಸಾವಿರ. ರಿಟರ್ನ್ ಫೈಲ್ ಮಾಡಿದಾಗ 26 ಸಾವಿರ ಟ್ಯಾಕ್ಸ್ ಹೋಗಿ ಟಿಡಿಎಸ್‌ನಲ್ಲಿ 52 ಸಾವಿರ ವಾಪಸ್, ಒಟ್ಟು 69.68.

ಲೋನ್‌ಗೆ ಇವತ್ತಿನ ಬ್ಯಾಲೆನ್ಸ್ ನೋಡಿ ಕೂತ್ಕೋಬೇಡಿ, ಪೂರ್ತಿ ತೀರಿಸೋಕೆ ಎಷ್ಟು ಕಟ್ಬೇಕು ಅಂತ ಬ್ಯಾಂಕಿಂದ ಫೋರ್‌ಕ್ಲೋಷರ್ ಲೆಟರ್ ತಗೊಳ್ಳಿ, ದಿನದ ಬಡ್ಡಿ ಎಷ್ಟು ಅಂತ ಅದರಲ್ಲಿ ಇರುತ್ತೆ. ಫ್ಲೋಟಿಂಗ್ ರೇಟ್ ಆದ್ರೆ ಮುಂಚೆ ತೀರಿಸಿದ್ದಕ್ಕೆ ದಂಡ ಇಲ್ಲ. ತೀರಿಸಿದ ಮೇಲೆ 30 ದಿನದೊಳಗೆ ಒರಿಜಿನಲ್ ಪತ್ರ ಕೊಡ್ಬೇಕು, ಬ್ಯಾಂಕ್ ತನ್ನ ತಪ್ಪಿಂದ ತಡ ಮಾಡಿದ್ರೆ ದಿನಕ್ಕೆ 5 ಸಾವಿರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ರೂಲೇ ಇದೆ. ಯಾರಾದ್ರೂ ಟ್ಯಾಕ್ಸ್ ಉಳಿಸೋ ಬಾಂಡ್ ತಗೊಳ್ಳಿ ಅಂತ ಬಂದ್ರೆ, 26 ಸಾವಿರಕ್ಕೋಸ್ಕರ ಲಕ್ಷಗಟ್ಟಲೆ ದುಡ್ಡನ್ನ 5 ವರ್ಷ ಲಾಕ್ ಮಾಡೋ ಅಗತ್ಯ ನಿಮಗಿಲ್ಲ.

ಪ್ರಶ್ನೆ: ಮಗ ಡಲ್ಲಾಸ್‌ನಲ್ಲಿದಾನ. ಹುಬ್ಬಳ್ಳಿಯೊಳಗ ಅವನ ಹೆಸರಲ್ಲಿ ಒಂದು ಮನಿ ಅದ, 2016ರಾಗ 30 ಲಕ್ಷಕ್ಕ ತಗೊಂಡಿದ್ದು, ಈಗ 45ಕ್ಕ ಹೋಗ್ತದ. 50 ಲಕ್ಷದೊಳಗ ಅಂದ್ರ ಟಿಡಿಎಸ್ ಇಲ್ಲ ಅಂತಾರಲ್ರಿ, ಖರೇನಾ?

ಉತ್ತರ: ಇಲ್ಲಮ್ಮಾ, ಆ 50 ಲಕ್ಷದ ಗಡಿ ಇಲ್ಲಿರೋರಿಗೆ ಮಾತ್ರ. ಮಾರೋರು ಎನ್‌ಆರ್‌ಐ ಆದ್ರೆ ಪಾರ್ಟಿ ಲಾಭದ ಮೇಲಲ್ಲ, ಪೂರ್ತಿ 45 ಲಕ್ಷದ ಮೇಲೇ ಹನ್ನೆರಡೂವರೆ ಪ್ಲಸ್ ಸೆಸ್, 13 ಪರ್ಸೆಂಟ್ ಹಿಡೀತಾರೆ, 5 ಲಕ್ಷ 85 ಸಾವಿರ. ನಿಜವಾಗ್ಲೂ ಮಗನಿಗೆ ಬರೋ ಟ್ಯಾಕ್ಸ್ 15 ಲಕ್ಷ ಲಾಭಕ್ಕೆ 1 ಲಕ್ಷ 95 ಸಾವಿರ (ಎನ್‌ಆರ್‌ಐಗೆ ಇಂಡೆಕ್ಸೇಷನ್ ಚಾಯ್ಸ್ ಇಲ್ಲ, ಅದನ್ನ ಮರೀಬೇಡಿ). ಮಿಕ್ಕಿದ 3 ಲಕ್ಷ 90 ಸಾವಿರ ರಿಟರ್ನ್ ಹಾಕಿ ರೀಫಂಡ್ ಬರೋವರೆಗೂ ಸರ್ಕಾರದ ಹತ್ರಾನೇ. ಇದನ್ನ ತಪ್ಪಿಸೋಕೆ ಇನ್‌ಕಮ್ ಟ್ಯಾಕ್ಸ್‌ನವರಿಂದ ಕಮ್ಮಿ ಟಿಡಿಎಸ್ ಹಿಡಿಯೋಕೆ ಸರ್ಟಿಫಿಕೇಟ್ ತಗೋಬಹುದು, ಅಗ್ರಿಮೆಂಟ್ ಆದ ತಕ್ಷಣ ಅಪ್ಲೈ ಮಾಡ್ಸಿ, ಅದು ಕೈಗೆ ಬಂದ ಮೇಲೇ ರಿಜಿಸ್ಟ್ರೇಷನ್ ಡೇಟ್ ಕೊಡಿ. ಪಾರ್ಟಿ ಗೊತ್ತಿಲ್ದೇ 1 ಪರ್ಸೆಂಟ್ ಹಿಡಿದು ಸುಮ್ನಾದ್ರೆ ನಾಳೆ ನೋಟಿಸ್ ಬರೋದು ಅವರಿಗೆ, ಹಾಗಾಗಿ ಮಗ ಎನ್‌ಆರ್‌ಐ ಅಂತ ಮೊದಲೇ ಹೇಳ್ಬಿಡಿ.

ಪ್ರಶ್ನೆ: ಶಿವಮೊಗ್ಗದಲ್ಲಿ ತಂದೆ 1984ರಲ್ಲಿ ಕಟ್ಟಿಸಿದ ಮನೆ, ಅವರು ಹೋದ ಮೇಲೆ ನಾವು ಮೂರು ಜನಕ್ಕೆ ಬಂದಿದೆ. ನಾವು ದುಡ್ಡು ಕೊಟ್ಟು ಕೊಂಡಿಲ್ವಲ್ಲ, ಹಾಗಾದ್ರೆ ಮಾರಿದ್ದೆಲ್ಲಾ ಲಾಭಾನೇನಾ?

ಉತ್ತರ: ಅಲ್ಲ. ತಂದೆಯವರ ಖರ್ಚೇ ನಿಮ್ಮ ಖರ್ಚು. ಅಷ್ಟು ಹಳೇದಾದ್ರೆ 2001ರ ಏಪ್ರಿಲ್ 1ಕ್ಕೆ ಆ ಮನೆ ಎಷ್ಟು ಬಾಳ್ತಿತ್ತೋ ಅದನ್ನ ಇಟ್ಕೋಬಹುದು, ಅದಕ್ಕೆ ರಿಜಿಸ್ಟರ್ಡ್ ವ್ಯಾಲ್ಯುಯರ್ ಹತ್ರ ರಿಪೋರ್ಟ್ ಮಾಡ್ಸಿ, ಆದ್ರೆ ಆವತ್ತಿನ ಸರ್ಕಾರಿ ರೇಟ್ ಸಿಗೋ ಹಾಗಿದ್ರೆ ಅದನ್ನ ದಾಟೋ ಹಾಗಿಲ್ಲ. 2025-26ರಲ್ಲಿ ಮಾರಿದ್ರೆ, 20 ಪರ್ಸೆಂಟ್ ವಿತ್ ಇಂಡೆಕ್ಸೇಷನ್ ಲೆಕ್ಕಕ್ಕೆ ಆ ಬೆಲೆನ 3.76ರಿಂದ ಗುಣಿಸ್ಬಹುದು. ಮೂರೂ ಜನ ಅವರವರ ಪಾಲಿನ ಲಾಭಾನ ಅವರವರ ರಿಟರ್ನ್‌ನಲ್ಲೇ ತೋರಿಸ್ಬೇಕು, ಎಲ್ಲಾ ದುಡ್ಡು ಅಣ್ಣನ ಅಕೌಂಟ್‌ಗೆ ಹಾಕ್ಸಿ ಆಮೇಲೆ ಹಂಚ್ಕೊಳ್ಳೋಣ ಅಂತ ಹೋಗ್ಬೇಡಿ, ಪಾರ್ಟಿ ಹತ್ರ ಮೂರು ಬೇರೆ ಬೇರೆ ಡಿಡಿ ತಗೊಳ್ಳಿ.