ಗೆರೆ ಏರುತ್ತದೆ, ಮೊಣಕೈ ಮಡಿಯುವುದಿಲ್ಲ

ಪ್ರಶ್ನೆ: ಹೆರಿಗೆ ವೇಳೆ ಭುಜದ ನರಗಳಿಗೆ ಪೆಟ್ಟಾದ 7 ವರ್ಷದ ಮಗಳಿಗೆ ಥೆರಪಿಸ್ಟ್ ಸಲಹೆಯಂತೆ ಮನೆಯಲ್ಲೇ ಇಎಂಜಿ ಬಯೋಫೀಡ್‌ಬ್ಯಾಕ್ (ಸ್ನಾಯು ಬಿಗಿದಾಗಿನ ವಿದ್ಯುತ್ ಸಂಕೇತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ತರಬೇತಿ) ಮಾಡಿಸುತ್ತಿದ್ದೇವೆ. ಪರದೆಯಲ್ಲಿ ಗೆರೆ ಚೆನ್ನಾಗಿ ಏರುತ್ತದೆ, ಮೊಣಕೈ ಮಾತ್ರ ಮಡಿಯುವುದಿಲ್ಲ. ಯಾಕೆ?

ಉತ್ತರ: ಮೊದಲು ಎಲೆಕ್ಟ್ರೋಡ್ (ಚರ್ಮಕ್ಕೆ ಅಂಟಿಸುವ ಪ್ಯಾಡ್) ನೋಡಿ. ಚರ್ಮ ಒರೆಸಿ ಒಣಗಿಸಿ, ಬೈಸೆಪ್ಸ್‌ನ (ತೋಳಿನ ಮುಂಭಾಗದ, ಮೊಣಕೈ ಮಡಿಸುವ ಸ್ನಾಯು) ಉಬ್ಬಿದ ಭಾಗದ ಮೇಲೆ, ಸ್ನಾಯುವಿನ ಉದ್ದಕ್ಕೆ, ಸುಮಾರು 2 ಸೆಂ.ಮೀ. ಅಂತರದಲ್ಲಿ ಎರಡನ್ನು ಅಂಟಿಸಿ. ಹೋಲಿಕೆಗೆಂದು ಇರುವ ರೆಫರೆನ್ಸ್ ಎಲೆಕ್ಟ್ರೋಡ್ ಮೊಣಕೈ ಮೂಳೆಯ ಮೇಲಿರಲಿ. ಕೈ ಸಡಿಲವಾಗಿದ್ದಾಗಲೂ ಗೆರೆ ನಡುಗಿದರೆ ಪ್ಯಾಡ್ ಸಡಿಲವಾಗಿರಬಹುದು, ಇಲ್ಲವೇ ಹತ್ತಿರದ ಚಾರ್ಜರ್‌ನ ವಿದ್ಯುತ್ ಅಡ್ಡಿ ಇರಬಹುದು.

ಅದೆಲ್ಲ ಸರಿಯಿದ್ದರೆ, ಹೆಚ್ಚಾಗಿ ಕಾರಣ ಟ್ರೈಸೆಪ್ಸ್, ಅಂದರೆ ತೋಳಿನ ಹಿಂಭಾಗದ, ಮೊಣಕೈ ಚಾಚುವ ಸ್ನಾಯು. ನರ ಮತ್ತೆ ಬೆಳೆಯುವಾಗ ಕೆಲವು ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯು ಸೇರುತ್ತವೆ. ಆಗ ಮಡಿಸುವ, ಚಾಚುವ ಸ್ನಾಯುಗಳು ಒಟ್ಟಿಗೇ ಬಿಗಿಯುತ್ತವೆ. ಗೆರೆ ಏರಿದರೂ ಕೈ ಕದಲದು. ಯಂತ್ರದಲ್ಲಿ ಎರಡು ಚಾನೆಲ್ (ಎರಡು ಸ್ನಾಯುಗಳ ಗೆರೆ ಬೇರೆಬೇರೆಯಾಗಿ ತೋರಿಸುವ ವ್ಯವಸ್ಥೆ) ಇದ್ದರೆ ಒಂದನ್ನು ಟ್ರೈಸೆಪ್ಸ್‌ಗೆ ಹಾಕಿ. ಬೈಸೆಪ್ಸ್ ಗೆರೆ ಏರಬೇಕು, ಟ್ರೈಸೆಪ್ಸ್ ಗೆರೆ ತಗ್ಗಿಯೇ ಇರಬೇಕು. ಬರೀ ಎತ್ತರ ಅಟ್ಟಿಸಿಕೊಂಡು ಹೋದರೆ ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತದೆ.

ಗುರಿಯ ಗೆರೆಯನ್ನು ಹತ್ತರಲ್ಲಿ ಏಳು ಸಲ ಮುಟ್ಟುವಷ್ಟು ಕೆಳಗಿಡಿ. 5 ಸೆಕೆಂಡ್ ಬಿಗಿ, 10 ಸೆಕೆಂಡ್ ವಿಶ್ರಾಂತಿ, ಒಟ್ಟು 10–15 ನಿಮಿಷ ಸಾಕು. ತೋಳು ಪಕ್ಕಕ್ಕೆ ಎದ್ದರೆ, ಭುಜ ಮೇಲೆತ್ತಿದರೆ ಅಲ್ಲಿಗೇ ನಿಲ್ಲಿಸಿ, ಅದು ದಣಿವಿರಬಹುದು. ಯಂತ್ರದಲ್ಲಿ ಸ್ಟಿಮ್ಯುಲೇಷನ್ (ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುವ) ಬಟನ್ ಇದ್ದರೆ ಥೆರಪಿಸ್ಟ್ ಹೇಳದೆ ಒತ್ತಬೇಡಿ. ಭುಜವನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ ಬಿಡಬೇಡಿ. ತಿರುಗುವಿಕೆ ಕಡಿಮೆಯಾಗುತ್ತಾ ಬಂದರೆ ಭುಜದ ಕೀಲು ಜಾರುತ್ತಿರಬಹುದು, ಬೇಗ ಮೂಳೆ ವೈದ್ಯರಿಗೆ ತೋರಿಸಿ.