ಓದುಗರ ಪ್ರಶ್ನೆ: ಜಿಮ್ನಿಗೆ ಟೋ ಬಾರ್, ನಾಲ್ಕು ಮೂಟೆಯ ಲೆಕ್ಕ

ಪ್ರಶ್ನೆ: ಐದು ಬಾಗಿಲಿನ ಮಾರುತಿ ಜಿಮ್ನಿ ಜೀಪು ಇದೆ. ತೋಟದ ಕಣದಿಂದ ಗೋದಾಮಿಗೆ ಕಾಫಿ ಮೂಟೆ ಸಾಗಿಸಲು ಸಣ್ಣ ಟ್ರೇಲರ್ ಕಟ್ಟಿಸಬೇಕು. ಪರಿಚಯದ ವೆಲ್ಡರ್ ಹಿಂದಿನ ಬಂಪರ್ ಒಳಗೇ ಹುಕ್ ವೆಲ್ಡ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಸಾಕೆ? (ಸಕಲೇಶಪುರ)

ಉತ್ತರ: ಸಾಲದು. ಬಂಪರ್ ಇರುವುದು ಸಣ್ಣ ಪೆಟ್ಟು ತಾಳಲಿಕ್ಕೆ, ಎಳೆಯಲಿಕ್ಕಲ್ಲ. ಎಳೆತದ ಭಾರ ಗಾಡಿಯ ಅಡಿಚೌಕಟ್ಟಾದ ಚಾಸಿಸ್‌ನ ಎರಡೂ ಉದ್ದ ತೊಲೆಗಳಿಗೆ ಹೋಗಬೇಕು. ಹಾಗೆಂದು ಚಾಸಿಸ್‌ಗೇ ವೆಲ್ಡ್ ಮಾಡಿಸುವುದೂ ಬೇಡ. ಬಿಸಿ ತಗುಲಿದ ಕಬ್ಬಿಣ ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ, ಮೇಲಾಗಿ ಕೆಳಗೆ ಪೆಟ್ರೋಲ್ ಪೈಪು, ವೈರಿಂಗ್ ಇವೆ.

ನಿಮ್ಮ ಮಾಡೆಲ್‌ಗೇ ಮಾಡಿದ, ಚಾಸಿಸ್‌ನಲ್ಲಿ ಈಗಾಗಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ ಕೂರಿಸುವ ಟೋ ಬಾರ್ (ಟ್ರೇಲರ್ ಕೊಂಡಿ ಹಿಡಿಯುವ ಉಕ್ಕಿನ ಅಡ್ಡಪಟ್ಟಿ) ಕೊಳ್ಳಿ. ಹೊಸ ತೂತು ಕೊರೆಯಲೇಬೇಕಾದರೆ ಒಂದು ಮಾತು ನೆನಪಿರಲಿ: ತೊಲೆ ಒಳಗೆ ಟೊಳ್ಳು. ಆರಪಾರ ಬೋಲ್ಟ್ ಹಾಕಿ ಬಿಗಿದರೆ ತೊಲೆ ಚಪ್ಪಟೆಯಾಗುತ್ತದೆ, ಬೋಲ್ಟ್ ಎಂದೂ ಬಿಗಿಯಾಗಿ ನಿಲ್ಲದು. ಒಳಗಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಉಕ್ಕಿನ ಕೊಳವೆ ಇಟ್ಟು, ಅದರೊಳಗೆ ಬೋಲ್ಟ್ ತೂರಿಸಬೇಕು. ಕೊರೆದ ತೂತಿಗೆ ಜಿಂಕ್ ಪ್ರೈಮರ್ ಹಚ್ಚದೆ ಬಿಟ್ಟರೆ ಮಲೆನಾಡಿನ ಒಂದೇ ಮಳೆಗಾಲ ಸಾಕು, ತುಕ್ಕು ಹಿಡಿಯಲು.

ಬೋಲ್ಟ್ ತಲೆಯ ಮೇಲೆ ಬಲದ ದರ್ಜೆ 8.8 ಎಂದು ಅಚ್ಚಾಗಿರಬೇಕು. ಕಿಟ್‌ನ ಜೊತೆ ಬಿಗಿತದ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ 12 ಮಿ.ಮೀ. ಬೋಲ್ಟ್‌ಗೆ ಸುಮಾರು 80 ನ್ಯೂಟನ್ ಮೀಟರ್, 10 ಮಿ.ಮೀ.ಗೆ 45. ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ, ಕೈಯಂದಾಜು ಬೇಡ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಪ್ಲೇಟ್ ಕೂರುವ ಜಾಗದಲ್ಲಿ ಅಂಡರ್‌ಬಾಡಿ ಕೋಟಿಂಗ್ ಕೆರೆಯದೆ ಬಿಡುತ್ತಾರೆ. ಆ ಮೆತ್ತನೆಯ ಪದರ ದಿನ ಕಳೆದಂತೆ ಅಮುಕಿಕೊಂಡು ಬೋಲ್ಟ್ ಸಡಿಲವಾಗುತ್ತದೆ. ಕೆರೆದು ಕೂರಿಸಿ. ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಿ.

ಇನ್ನು ಮೂಟೆಯ ಲೆಕ್ಕ. ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಮೂರು ಬಾಗಿಲಿನ ಜಿಮ್ನಿಗೆ ಕಂಪನಿ ಕೊಟ್ಟಿರುವ ಮಿತಿ ಬ್ರೇಕ್ ಇರುವ ಟ್ರೇಲರ್‌ಗೆ 1300 ಕೆ.ಜಿ., ಬ್ರೇಕ್ ಇಲ್ಲದ್ದಕ್ಕೆ ಬರೀ 350 ಕೆ.ಜಿ. ನೀವು ಕಟ್ಟಿಸುವುದು ಬ್ರೇಕ್ ಇಲ್ಲದ್ದು ತಾನೆ? ಟ್ರೇಲರ್‌ನದೇ ತೂಕ 150 ಎಂದುಕೊಂಡರೆ ಉಳಿಯುವುದು 200: ಐವತ್ತು ಕೆ.ಜಿ.ಯ ನಾಲ್ಕು ಮೂಟೆ. ಐದನೆಯದರ ಆಸೆ ಬೇಡ. ಗಾಡಿಯೇ ಸುಮಾರು 1200 ಕೆ.ಜಿ., ಇಳಿಜಾರಿನಲ್ಲಿ ಅದರ ಬ್ರೇಕ್ ಎರಡನ್ನೂ ಹಿಡಿಯಬೇಕು. ನಿಮ್ಮ ಗಾಡಿಯ ಕೈಪಿಡಿ ಇದಕ್ಕಿಂತ ಕಡಿಮೆ ಹೇಳಿದರೆ ಕೈಪಿಡಿಯ ಮಾತೇ ಸರಿ. ಟ್ರ್ಯಾಕ್ಟರ್ ಟ್ರೇಲರ್ ಎಳೆಯುವ ಯೋಚನೆಯಂತೂ ಬಿಟ್ಟುಬಿಡಿ.

ಕಣದಿಂದ ಸಾರ್ವಜನಿಕ ರಸ್ತೆಗೆ ಇಳಿಯುವುದಿದ್ದರೆ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಕಟ್ಟಿಸುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.

ಪ್ರಶ್ನೆ: ಸಸ್ಪೆನ್ಷನ್ ಎರಡು ಇಂಚು ಎತ್ತರಿಸಿದ್ದೇನೆ. ಟ್ರೇಲರ್ ಮೂತಿ ಮೇಲೆತ್ತಿ, ನಲವತ್ತು ದಾಟಿದರೆ ಬಾಲ ಅಲ್ಲಾಡಿಸುತ್ತದೆ. (ಮಡಿಕೇರಿ)

ಉತ್ತರ: ಎತ್ತರಿಸಿದಾಗ ಟೋ ಬಾರ್ ತುದಿಯ ಬಾಲ್ (ಟ್ರೇಲರ್ ಮೂತಿ ಕೂರುವ ಉಕ್ಕಿನ ಗುಂಡು) ಕೂಡ 50 ಮಿ.ಮೀ. ಮೇಲೆ ಹೋಯಿತು. ಭಾರ ಹೇರಿದ ಗಾಡಿಯಲ್ಲಿ ಬಾಲ್‌ನ ನಡುಭಾಗ ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು ಎಂಬುದು ಯುರೋಪಿನ ಅಳತೆ, ಟ್ರೇಲರ್ ಅದಕ್ಕೆ ಹೊಂದಿಸಿ ಕಟ್ಟಿದ್ದಾಗಿದ್ದರೆ ಕೆಳಗಿಳಿಸುವ ಡ್ರಾಪ್ ಪ್ಲೇಟ್ ಹಾಕಿಸಿ. ಇಳಿಸಿದ ಬಾಲ್ ಹಳ್ಳ ಹತ್ತುವಾಗ ನೆಲ ಕೆರೆಯುತ್ತದೆ, ಆದ್ದರಿಂದ ಕಳಚಿಡುವಂಥದ್ದನ್ನೇ ಆರಿಸಿ.

ಅಲ್ಲಾಟಕ್ಕೆ ಕಾರಣ ಮೂತಿ ಭಾರ, ಅಂದರೆ ಟ್ರೇಲರ್ ಮೂತಿ ಬಾಲ್ ಮೇಲೆ ಒತ್ತುವ ತೂಕ, ಸಾಲದಿರುವುದು. ಸಾಮಾನನ್ನು ಗಾಲಿಗಿಂತ ತುಸು ಮುಂದಕ್ಕೆ ಸರಿಸಿ. ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೇಲರ್ ಮಟ್ಟವಾಗಿರುವಂತೆ ಮೂತಿ ಇಟ್ಟರೆ ಎಷ್ಟೆಂದು ಗೊತ್ತಾಗುತ್ತದೆ: 350 ಕೆ.ಜಿ.ಗೆ 20-25 ಕೆ.ಜಿ. ಸಾಕು. ಅದೇ ಹೊತ್ತಿಗೆ ವರ್ನಿಯರ್‌ನಲ್ಲಿ ಬಾಲ್ ಅಳೆಯಿರಿ. ಹೊಸದಾದರೆ 50, ಸವೆದು 49ಕ್ಕೆ ಇಳಿದರೆ ಬದಲಿಸಿ. ಅಂಗಡಿಯಲ್ಲಿ 47.6 ಮಿ.ಮೀ. ಬಾಲ್ ಸಿಕ್ಕರೆ ಹುಷಾರು, ಟ್ರೇಲರ್ ಮೂತಿಯ 50ರ ಸಾಕೆಟ್‌ನಿಂದ ಗುಂಡಿ ಬಿದ್ದಾಗ ಹಾರಿಬಿಡುತ್ತದೆ. ಸುರಕ್ಷಾ ಸರಪಳಿ ಎರಡನ್ನೂ ಕತ್ತರಿಯಾಕಾರದಲ್ಲಿ ದಾಟಿಸಿ ಕಟ್ಟಿ. ಬಾಲ್ ಕಳಚಿದರೂ ಮೂತಿ ನೆಲಕ್ಕೆ ನಾಟದೆ ಸರಪಳಿಯ ಮೇಲೆ ಕೂರುತ್ತದೆ.

ಪ್ರಶ್ನೆ: ಬ್ರೇಕ್ ಒತ್ತಿದರೆ ಟ್ರೇಲರ್‌ನ ಎಲ್ಲ ದೀಪಗಳೂ ಮಂಕಾಗಿ ಉರಿಯುತ್ತವೆ. (ಮೂಡಿಗೆರೆ)

ಉತ್ತರ: ಅರ್ತ್ (ವಿದ್ಯುತ್ ಗಾಡಿಗೆ ಮರಳುವ ದಾರಿ) ಇಲ್ಲ. ಏಳು ಪಿನ್ ಸಾಕೆಟ್‌ನಲ್ಲಿ ಮೂರನೆಯದು, ಬಿಳಿ ವೈರು. ಟ್ರೇಲರ್ ಚೌಕಟ್ಟಿನಿಂದ ಗಾಡಿಯ ಚಾಸಿಸ್‌ಗೆ ತಾತ್ಕಾಲಿಕವಾಗಿ ಒಂದು ವೈರು ಹಿಡಿದು ನೋಡಿ, ಸರಿಹೋದರೆ ದೋಷ ಅಲ್ಲೇ. ಬಾಲ್ ಮೂಲಕವೇ ಅರ್ತ್ ಸಿಗುತ್ತದೆ ಎಂದು ನಂಬಬೇಡಿ, ಅದರ ಮೇಲೆ ಗ್ರೀಸ್ ಇರುತ್ತದೆ. 2.5 ಚ.ಮಿ.ಮೀ. ವೈರು ಎಳೆದು, ಬಣ್ಣ ಕೆರೆದ ಜಾಗಕ್ಕೆ ಬೋಲ್ಟ್ ಮಾಡಿ. ಮಿಕ್ಕವು: 1 ಹಳದಿ ಎಡ ಇಂಡಿಕೇಟರ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಹಿಂದೀಪ, 6 ಕೆಂಪು ಬ್ರೇಕ್, 7 ಕಪ್ಪು ಎಡ ಹಿಂದೀಪ. 2ನೆಯ ನೀಲಿ ಫಾಗ್ ದೀಪಕ್ಕೆ, ನಿಮಗೆ ಬೇಕಾಗದು.